ನಕ್ಷೆಯಲ್ಲಿ ಅಪ್ಪನ ಹೊಲದ ನಡುವೆ ರಸ್ತೆ ಗೆರೆ ಬಂದಿದೆ. ಊರಿನ ಯೋಜನೆ ಮಾಡೋದು ಹೀಗೇನಾ?

ರಾಗಿಹೊಲ (ಸೋಮವಾರ, ರಾತ್ರಿ 9.20)

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆಯವನು. ಊರಿನ ಹೆಸರು, ಕಚೇರಿಯ ಹೆಸರು ಇಲ್ಲಿ ಬೇಡ. ಯಾರನ್ನೂ ದೂರೋಕೆ ಬರೆಯುತ್ತಿಲ್ಲ, ತಿಳಿದುಕೊಳ್ಳೋಕೆ ಬರೆಯುತ್ತಿದ್ದೇನೆ.

ಊರಂಚಿನಲ್ಲಿ ನಮ್ಮಪ್ಪನಿಗೆ 1 ಎಕರೆ 10 ಗುಂಟೆ ಜಮೀನಿದೆ. ಉದ್ದ 330 ಅಡಿ, ಅಗಲ 165 ಅಡಿ. ಮಳೆ ನಂಬಿಕೊಂಡು ರಾಗಿ, ಬೋರಿನಲ್ಲಿ ನೀರು ಸಿಕ್ಕ ವರ್ಷ ಟೊಮೆಟೊ. ಊರಿನ ಕರಡು ಮಾಸ್ಟರ್ ಪ್ಲಾನ್, ಅಂದರೆ ಯಾವ ಜಾಗ ಯಾವುದಕ್ಕೆ ಅಂತ ತೋರಿಸುವ ನಕ್ಷೆ, ನೋಡೋಕೆ ಇಟ್ಟಿದ್ದಾರೆ ಅಂತ ಗೆಳೆಯ ಹೇಳಿದ. ಹೋಗಿ ನೋಡಿದೆ. ದೊಡ್ಡ ಹಾಳೆ, ತುಂಬ ಹಳದಿ, ಅಲ್ಲಲ್ಲಿ ನೀಲಿ, ಕೆಂಪು, ನೇರಳೆ. ನಮ್ಮ ಸರ್ವೆ ನಂಬರ್ ಹುಡುಕೋಕೇ ಅರ್ಧ ಗಂಟೆ ಬೇಕಾಯಿತು. ಸಿಕ್ಕಾಗ ನೋಡಿದರೆ ಅದರ ನಟ್ಟನಡುವೆ ಉದ್ದಕ್ಕೂ ಎರಡು ಗೆರೆ. ಅಲ್ಲಿದ್ದವರು 18 ಮೀಟರ್ ರಸ್ತೆ ಅಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. 18 ಮೀಟರ್ ಅಂದರೆ ಹೆಚ್ಚುಕಮ್ಮಿ 60 ಅಡಿ. 330 ಅಡಿ ಉದ್ದಕ್ಕೆ 18 ಗುಂಟೆ ಹೋಗುತ್ತದೆ. ಉಳಿಯೋದು ಆಚೆ 16, ಈಚೆ 16 ಗುಂಟೆಯ ಎರಡು ಪಟ್ಟಿ. ಅಪ್ಪ ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೇ ಒಂದು ಮಾತು ಕೇಳಿದರು: "ಗೆರೆ ಎಳೆದವರು ಹೊಲಕ್ಕೆ ಬಂದಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿನ ಯೋಜನೆ ಅನ್ನೋದು ಯಾವಾಗಿನಿಂದ ಹೀಗೆ? ರಸ್ತೆ ನೇರವಾಗಿಯೇ ಇರಬೇಕು ಅಂತ ಯಾರು ತೀರ್ಮಾನ ಮಾಡಿದರು? ತಿಳಿದವರು ದಯವಿಟ್ಟು ಹೇಳಿ.

ಸೈಟ್ ವ್ಯವಹಾರ, ಬಂಗಾರಪೇಟೆ (ಸೋಮವಾರ, ರಾತ್ರಿ 9.55)

ಅಣ್ಣ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಇನ್ನೊಂದು ಕಡೆಯನ್ನೂ ನೋಡಿ. ಹದಿನೈದು ವರ್ಷದಿಂದ ಸೈಟ್ ಕೆಲಸ ಮಾಡುತ್ತಿದ್ದೇನೆ. ಯೋಜನೆಯೇ ಇಲ್ಲದೆ ಬೆಳೆದ ಬಡಾವಣೆಗಳನ್ನು ದಿನಾ ನೋಡುತ್ತೇನೆ. ಒಬ್ಬರ ಹೊಲದಲ್ಲಿ 20 ಅಡಿ ರಸ್ತೆ, ಪಕ್ಕದವರ ಹೊಲ ಬಂದ ಕೂಡಲೇ 12 ಅಡಿ, ಅದರಾಚೆ ಗೋಡೆ. ಕಂದಾಯ ಸೈಟ್ (ಒಪ್ಪಿಗೆ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದ್ದು) ತೆಗೆದುಕೊಂಡ ಬಡವರು ಮನೆ ಕಟ್ಟಿ ಕೂತಿದ್ದಾರೆ, ಆಂಬುಲೆನ್ಸ್ ಒಳಗೆ ಹೋಗಲ್ಲ. ಮಣ್ಣು ಮಾಡೋಕೆ ಹೆಣ ಎತ್ತಿಕೊಂಡು ಹೋಗೋಕೂ ಜಾಗ ಇಲ್ಲದ ಗಲ್ಲಿ ನಾನೇ ಕಂಡಿದ್ದೇನೆ. ಊರಿಗೆ 60 ಅಡಿ ರಸ್ತೆ ಎಲ್ಲಾದರೂ ಒಂದು ಕಡೆ ಬೇಕೇ ಬೇಕು. ಎಲ್ಲಿ ಎಳೆದರೂ ಅದು ಯಾರದೋ ಅಪ್ಪನ ಹೊಲವೇ ಅಲ್ವಾ?

ರಾಗಿಹೊಲ (ಸೋಮವಾರ, ರಾತ್ರಿ 10.05)

ನೀವು ಹೇಳೋದು ಸರಿ. ರಸ್ತೆಯೇ ಬೇಡ ಅಂತ ನಾವು ಹೇಳುತ್ತಿಲ್ಲ. ಅಪ್ಪನೂ ಹೇಳಲಿಲ್ಲ. ಇಲ್ಲೇ ಯಾಕೆ, ಹೀಗೇ ಯಾಕೆ ಅನ್ನೋದೇ ನಮ್ಮ ಪ್ರಶ್ನೆ.

ಇತಿಹಾಸ ಮೇಷ್ಟ್ರು, ಮುಳಬಾಗಿಲು (ಮಂಗಳವಾರ, ಬೆಳಿಗ್ಗೆ 6.40)

ಯಾವಾಗಿನಿಂದ ಅಂತ ಕೇಳಿದಿರಿ. ಅಷ್ಟು ಮಾತ್ರ ನಾನು ಹೇಳುತ್ತೇನೆ. ಕಾನೂನು ಬಲ್ಲವರು ಆಮೇಲೆ ಹೇಳಲಿ.

ನೇರ ರಸ್ತೆಗೆ ಸುಮಾರು 4500 ವರ್ಷ ವಯಸ್ಸು. ಮೊಹೆಂಜೊದಾರೊದಲ್ಲಿ ದೊಡ್ಡ ಬೀದಿಗಳು ಉತ್ತರ ದಕ್ಷಿಣ, ಅಡ್ಡಬೀದಿಗಳು ಪೂರ್ವ ಪಶ್ಚಿಮ. ಇಟ್ಟಿಗೆಗೂ ಒಂದೇ ಲೆಕ್ಕ: ದಪ್ಪ ಒಂದು ಪಾಲು, ಅಗಲ ಎರಡು, ಉದ್ದ ನಾಲ್ಕು. ಬಚ್ಚಲ ನೀರು ಮನೆಯಿಂದ ಬೀದಿಯ ಚರಂಡಿಗೆ ಬೀಳುತ್ತಿತ್ತು. ಚರಂಡಿಗೆ ಇಟ್ಟಿಗೆಯ, ಕಲ್ಲಿನ ಮುಚ್ಚಳ. ಹೂಳು ತೆಗೆಯೋಕೆ ಅಲ್ಲಲ್ಲಿ ಗುಂಡಿ. ಮಕ್ಕಳಿಗೆ ಪಾಠ ಮಾಡುವಾಗ ಇಷ್ಟು ಎಲ್ಲರೂ ಹೇಳುತ್ತೇವೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಬೇರೆ. ಅಲ್ಲಿ ಮನೆಗಳು ಬಿದ್ದವು, ಅದೇ ಜಾಗದಲ್ಲಿ ಮತ್ತೆ ಕಟ್ಟಿದರು, ಮತ್ತೆ ಬಿದ್ದವು. ತಲೆಮಾರುಗಳ ಕಾಲ ಯಾರೂ ಗೋಡೆಯನ್ನು ಬೀದಿಗೆ ತಳ್ಳಲಿಲ್ಲ. ಕೊನೆಯ ಕಾಲದ ಪದರದಲ್ಲಿ ಮಾತ್ರ ಮನೆಗಳು ಬೀದಿಗೆ ಚಾಚಿಕೊಂಡಿವೆ. ಮಡಕೆ ಸುಡುವ ಆವಿಗೆಗಳು ಬೀದಿಯಲ್ಲೇ ಎದ್ದಿವೆ. ಅಂದರೆ ಒತ್ತುವರಿಗೂ ಅಷ್ಟೇ ವಯಸ್ಸು. ಬೀದಿ ಎಲ್ಲರದು ಅನ್ನೋ ಒಪ್ಪಿಗೆ ಇದ್ದಷ್ಟು ದಿನ ಯೋಜನೆ ಉಳಿಯಿತು.

ನಮ್ಮ ಜಿಲ್ಲೆಯವರು ಮೊಹೆಂಜೊದಾರೊಗಿಂತ ಹೆಚ್ಚಾಗಿ ಧೋಲಾವೀರವನ್ನು ನೋಡಬೇಕು. ಅದೂ ಅದೇ ಕಾಲದ ಊರು, ಗುಜರಾತಿನ ಕಛ್‌ನಲ್ಲಿದೆ, 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ನಮ್ಮ ಹಾಗೇ ಮಳೆ ಕಡಿಮೆ, ವರ್ಷವಿಡೀ ಹರಿಯುವ ನದಿ ಇಲ್ಲ. ಮನ್ಸಾರ್, ಮನ್ಹಾರ್ ಅಂತ ಎರಡು ಮಳೆಗಾಲದ ಹಳ್ಳ ಇವೆ. ಊರನ್ನು ಆ ಎರಡರ ನಡುವಿನ ಇಳಿಜಾರಿನಲ್ಲಿ ಕಟ್ಟಿದರು. ಹಳ್ಳಕ್ಕೆ ಒಡ್ಡು ಹಾಕಿ ನೀರನ್ನು ತಿರುಗಿಸಿ ಕೋಟೆಯೊಳಗಿನ ಕೊಳಗಳಿಗೆ ತುಂಬಿಸಿದರು. ಅಲ್ಲಿ ನೀರಿಗೆ ಜಾಗ ಬಿಟ್ಟು ಉಳಿದ ಕಡೆ ಊರು ಬೆಳೆದಿದೆ. ಚಿತ್ರ ನೋಡಿದರೆ ನಿಮಗೇ ಕೆರೆಸಾಲು ನೆನಪಾಗುತ್ತದೆ.

ಗ್ರೀಕರ ಕಡೆ ಹಿಪ್ಪೊಡಾಮಸ್ ಅನ್ನುವವನ ಹೆಸರು ಬರುತ್ತದೆ. ಚೌಕುಳಿಯಂತೆ ಬೀದಿಗಳಿರುವ ಊರು ಅಂದರೆ ಅವನ ಹೆಸರನ್ನೇ ಹೇಳುತ್ತಾರೆ. ಅವನ ಊರು ಮಿಲೇಟಸ್. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಆ ಊರನ್ನು ಹಾಳುಮಾಡಿದ ಮೇಲೆ ಅದನ್ನು ಚೌಕ ಚೌಕವಾಗಿ ಮತ್ತೆ ಕಟ್ಟಿದರು. ರೋಮನ್ನರು ಸೇನೆಯ ಬಿಡಾರದ ಹಾಗೆ ಎರಡು ರಸ್ತೆ ಕೂಡಿಸಿ ಊರು ಮಾಡಿದರು.

ಈಗ ನಮ್ಮದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತು. ಅದರಲ್ಲಿ ಕೋಟೆಯ ಊರಿಗೆ ಪೂರ್ವ ಪಶ್ಚಿಮಕ್ಕೆ ಮೂರು, ಉತ್ತರ ದಕ್ಷಿಣಕ್ಕೆ ಮೂರು ರಾಜಮಾರ್ಗ, ಹನ್ನೆರಡು ಬಾಗಿಲು ಅಂತಿದೆ. ನನಗೆ ಅದಕ್ಕಿಂತ ಇಷ್ಟವಾದದ್ದು ದಂಡದ ಲೆಕ್ಕ. ಬೀದಿಗೆ ಕಸ ಎಸೆದರೆ ಎಂಟನೇ ಒಂದು ಪಣ (ಆ ಕಾಲದ ನಾಣ್ಯ). ನೀರು ನಿಲ್ಲಿಸಿ ಕೆಸರು ಮಾಡಿದರೆ ಕಾಲು ಪಣ. ರಾಜಮಾರ್ಗದಲ್ಲಿ ಮಾಡಿದರೆ ಎರಡರಷ್ಟು. ಊರು ಕಟ್ಟಿದರೆ ಸಾಲದು, ದಿನಾ ಕಾಯಬೇಕು ಅಂತ ಆ ಕಾಲಕ್ಕೇ ಗೊತ್ತಿತ್ತು. ಮಾನಸಾರ ಅನ್ನುವ ಹಳೇ ವಾಸ್ತು ಗ್ರಂಥದಲ್ಲಿ ಊರಿನ ಎಂಟು ಆಕಾರ ಹೇಳಿದ್ದಾರೆ: ದಂಡಕ, ಸ್ವಸ್ತಿಕ, ಪದ್ಮಕ ಹೀಗೆ. ಅದರಲ್ಲಿ ಒಂದು ಕಾರ್ಮುಕ, ಅಂದರೆ ಬಿಲ್ಲಿನ ಆಕಾರ. ನೀರಿನ ದಡ ಬಾಗಿದ ಹಾಗೆ ಬಾಗುವ ಊರಿಗೆ ಅದು. ಹಾಗಾಗಿ ನೇರವೇ ಶಾಸ್ತ್ರ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನೊಂದೇ ಒಂದು. 1727ರಲ್ಲಿ ಸವಾಯಿ ಜಯಸಿಂಗ್ ಜೈಪುರ ಕಟ್ಟಿಸಿದರು, ಯೋಜನೆಯಲ್ಲಿ ನೆರವಾದವರು ವಿದ್ಯಾಧರ ಭಟ್ಟಾಚಾರ್ಯ. ಮೂರು ಮೂರರಂತೆ ಒಂಬತ್ತು ಚೌಕ ಇರಬೇಕಿತ್ತು. ವಾಯವ್ಯದಲ್ಲಿ ಬೆಟ್ಟ ಅಡ್ಡ ಬಂತು. ಬೆಟ್ಟ ಒಡೆಯಲಿಲ್ಲ, ಆ ಚೌಕವನ್ನೇ ಎತ್ತಿ ಆಗ್ನೇಯಕ್ಕೆ ಇಟ್ಟರು. ಮಹಾರಾಜನ ಗೆರೆಯೇ ನೆಲ ನೋಡಿ ಸರಿದಿದೆ.

ಆದರೆ ಒಂದು ಮಾತು ಒಪ್ಪಬೇಕು. ಈ ನೇರ ಊರುಗಳೆಲ್ಲ ಖಾಲಿ ನೆಲದ ಮೇಲೆ ಎದ್ದವು. ನಿಮ್ಮ ಹೊಲ ಖಾಲಿ ನೆಲ ಅಲ್ಲ.

ಮಾಲೂರು ಹುಡುಗಿ (ಮಂಗಳವಾರ, ಮಧ್ಯಾಹ್ನ 1.15)

ಮೇಷ್ಟ್ರೇ, ತುಂಬ ಚೆನ್ನಾಗಿ ಹೇಳಿದಿರಿ. ಖಾಲಿ ನೆಲ ಅನ್ನೋದನ್ನು ಮಾತ್ರ ಸ್ವಲ್ಪ ತಿದ್ದುತ್ತೇನೆ. ಚಂಡೀಗಢ ಹೊಸ ಊರು, ಒಂದೊಂದು ಸೆಕ್ಟರ್ 800 ಮೀಟರ್ ಅಗಲ, 1200 ಮೀಟರ್ ಉದ್ದ ಅಂತ ಪುಸ್ತಕದಲ್ಲಿ ಓದುತ್ತೇವೆ. ಅಲ್ಲಿಯೂ ಹಳ್ಳಿಗಳಿದ್ದವು, ಜನರನ್ನು ಎಬ್ಬಿಸಿಯೇ ಕಟ್ಟಿದ್ದು. ನಕ್ಷೆಯಲ್ಲಿ ಖಾಲಿ ಕಂಡರೂ ನೆಲದಲ್ಲಿ ಯಾರೋ ಇದ್ದೇ ಇರುತ್ತಾರೆ.

ನಾನು ನಗರ ಯೋಜನೆ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ರಾಗಿಹೊಲ ಅಣ್ಣ ಕೇಳಿದ್ದಕ್ಕೆ ಎರಡು ಭಾಗದಲ್ಲಿ ಹೇಳುತ್ತೇನೆ.

ಗೆರೆ ಎಳೆದವರು ಹೊಲಕ್ಕೆ ಬಂದಿದ್ದರಾ ಅಂತ ನಿಮ್ಮಪ್ಪ ಕೇಳಿದರಲ್ಲ. ಇದೇ ಪ್ರಶ್ನೆಯನ್ನು ನೂರು ವರ್ಷದ ಹಿಂದೆ ಪ್ಯಾಟ್ರಿಕ್ ಗೆಡ್ಡೆಸ್ ಅನ್ನುವ ಸ್ಕಾಟ್ಲೆಂಡಿನವರು ಕೇಳುತ್ತಿದ್ದರು. ಮೂಲತಃ ಜೀವಶಾಸ್ತ್ರಜ್ಞ. 1914ರಲ್ಲಿ ಭಾರತಕ್ಕೆ ಬಂದರು, ಸುಮಾರು ಹತ್ತು ವರ್ಷ ಊರೂರು ತಿರುಗಿ ವರದಿ ಬರೆದರು. ಆಗ ಪ್ಲೇಗ್ ಭಯ. ಹಳೇ ಪೇಟೆ ಅಂದರೆ ಕೊಳಕು, ಅದರ ನಡುವೆ ನೇರ ಅಗಲ ರಸ್ತೆ ಸೀಳಿದರೆ ರೋಗ ಹೋಗುತ್ತದೆ ಅಂತ ಎಂಜಿನಿಯರುಗಳು ನಂಬಿದ್ದರು. ಗೆಡ್ಡೆಸ್ ಒಪ್ಪಲಿಲ್ಲ. ಗಲ್ಲಿ ಗಲ್ಲಿ ನಡೆದರು. ಎಲ್ಲಿ ಬಾವಿ, ಎಲ್ಲಿ ಮರ, ಎಲ್ಲಿ ಹಾಳು ಬಿದ್ದ ಮನೆ ಅಂತ ಗುರುತು ಮಾಡಿದರು. ಬಿದ್ದ ಮನೆಯ ಜಾಗವನ್ನು ಬಯಲು ಮಾಡಿ, ಒಂದೆರಡು ಗೋಡೆ ಸರಿಸಿ, ಇರೋ ಓಣಿಗಳನ್ನೇ ಕೂಡಿಸಿದರೆ ಸಾಕು, ಕಡಿಮೆ ಖರ್ಚಿನಲ್ಲಿ ಗಾಳಿ ಬೆಳಕು ಬರುತ್ತದೆ ಅಂದರು. ಮೊದಲು ಸಮೀಕ್ಷೆ, ಆಮೇಲೆ ಯೋಜನೆ. ನಾವು ಕಾಲೇಜಿನಲ್ಲಿ ಮೊದಲ ವರ್ಷ ಕಲಿತ ಪಾಠ ಇದು. ಇಂದೋರಿನಲ್ಲಿ ಅವರು ದೀಪಾವಳಿಗೆ ದೊಡ್ಡ ಮೆರವಣಿಗೆ ಮಾಡಿಸಿದರು. ಜನ ಯಾವ ಬೀದಿಗಳನ್ನು ಚೆನ್ನಾಗಿ ಗುಡಿಸಿ ಚೊಕ್ಕ ಮಾಡಿದ್ದರೋ ಆ ದಾರಿಯಲ್ಲೇ ಮೆರವಣಿಗೆ ಹೋಯಿತು. ನನಗೆ ಈ ಕಥೆ ತುಂಬ ಇಷ್ಟ.

ಬೆಂಗಳೂರಿನಲ್ಲಿ ಬೇರೆ ದಾರಿ ಹಿಡಿದರು. 1898ರ ಪ್ಲೇಗ್ ಬಂದ ಸಮಯದಲ್ಲಿ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿ ಹುಟ್ಟಿದವು. ಇವತ್ತಿಗೂ ನಮ್ಮ ಕಡೆ ಬಡಾವಣೆ ಮಾಡೋರ ಕಣ್ಣಲ್ಲಿರೋದು ಅದೇ ಚಿತ್ರ. ಅಡ್ಡರಸ್ತೆ, ಮುಖ್ಯರಸ್ತೆ, ಒಂದು ಪಾರ್ಕು.

ಈಗ ಕಾನೂನು. ನಮ್ಮದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಜಾರಿಗೆ ಬಂದದ್ದು 1965ರ ಜನವರಿ 15. ಮೊದಲು ಯೋಜನೆ ಎರಡು ಹಂತದಲ್ಲಿ ಆಗುತ್ತಿತ್ತು. 2005ರ ತಿದ್ದುಪಡಿಯಿಂದ ಎರಡೂ ಸೇರಿ ಒಂದೇ ಮಾಸ್ಟರ್ ಪ್ಲಾನ್ ಆಯಿತು. ಮೊದಲು ಸ್ಥಳೀಯ ಯೋಜನಾ ಪ್ರದೇಶ ಅಂತ ಗಡಿ ಹಾಕುತ್ತಾರೆ. ಈಗಿನ ಭೂಬಳಕೆಯ ಸಮೀಕ್ಷೆ ಮಾಡುತ್ತಾರೆ. ಜನಸಂಖ್ಯೆ ಎಷ್ಟು ಬೆಳೆಯಬಹುದು ಅಂತ ಅಂದಾಜು ಹಾಕುತ್ತಾರೆ. ಆಮೇಲೆ ಬಣ್ಣ. ಹಳದಿ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ ಆಸ್ಪತ್ರೆ ಕಚೇರಿಗೆ, ಹಸಿರು ಪಾರ್ಕಿಗೆ. ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟ ಮೇಲೆ ಪ್ರಕಟ ಮಾಡಿ ಜನರ ಅಭಿಪ್ರಾಯ ಕೇಳಬೇಕು. ಅದಕ್ಕೆ 60 ದಿನ. ನೀವು ಈಗ ಇರೋದು ಈ 60 ದಿನದೊಳಗೆ. ಅಂತಿಮ ಒಪ್ಪಿಗೆ ಆದ ಮೇಲೆ 10 ವರ್ಷಕ್ಕೊಮ್ಮೆ ಪರಿಷ್ಕರಣೆ. ಅಂದರೆ ಈಗ ಬಿಟ್ಟರೆ ಹತ್ತು ವರ್ಷ ಕಾಯಬೇಕು.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಕಾಯ್ದೆಯ 69ನೇ ಕಲಂ ಓದಿ. ಪ್ಲಾನಿನಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಾಗವನ್ನು 5 ವರ್ಷದೊಳಗೆ ಪಡೆದುಕೊಳ್ಳದಿದ್ದರೆ, ಭೂಸ್ವಾಧೀನದ ಕೆಲಸವನ್ನೂ ಶುರು ಮಾಡದಿದ್ದರೆ ಆ ಗುರುತು ಬಿದ್ದುಹೋಗುತ್ತದೆ. ನಿಮ್ಮ ವಿಷಯಕ್ಕೆ ಅದು ಹೇಗೆ ಅನ್ವಯಿಸುತ್ತದೆ ಅಂತ ವಕೀಲರ ಹತ್ತಿರ ಕೇಳಿಕೊಳ್ಳಿ. ಆದರೆ ಅದನ್ನು ನಂಬಿಕೊಂಡು ಈಗ ಸುಮ್ನೆ ಕೂರಬೇಡಿ.

ಊರ್ಗಾಂ ಕಡೆಯವನು (ಮಂಗಳವಾರ, ಸಂಜೆ 7.30)

ನೇರ ರಸ್ತೆ ನೋಡಬೇಕು ಅಂದರೆ ದೂರ ಹೋಗಬೇಕಿಲ್ಲ. ಚಿನ್ನದ ಗಣಿಯ ಊರು, ನಮ್ಮ ಕೆಜಿಎಫ್‌ಗೆ ಬನ್ನಿ. ರಾಬರ್ಟ್‌ಸನ್‌ಪೇಟೆಯಲ್ಲಿ ನಿಂತರೆ ಅಡ್ಡರಸ್ತೆಗಳಿಗೆಲ್ಲ ನಂಬರು, ಕಣ್ಣು ಹಾಯಿಸಿದರೆ ಕೊನೆ ತನಕ ಕಾಣುತ್ತದೆ. ನನ್ನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲೇ ನಮ್ಮಲ್ಲಿ ಕರೆಂಟಿತ್ತು. ಪಾಲಾರ್ ಹೊಳೆಯ ಬೇತಮಂಗಲ ಕೆರೆಯಿಂದ ಪೈಪಿನಲ್ಲಿ ನೀರು. ಇಷ್ಟೆಲ್ಲ ಒಂದು ಊರಿಗೆ ಹೇಗೆ ಬಂತು? ಕಂಪನಿ ಮತ್ತು ಸರ್ಕಾರ ಕೂತು ತೀರ್ಮಾನ ಮಾಡಿದರೆ ಮುಗಿಯಿತು. ಯಾರನ್ನೂ ಕೇಳಬೇಕಿರಲಿಲ್ಲ.

ಆ ಯೋಜನೆಯಲ್ಲಿ ನನ್ನ ತಾತನ ಪಾಲು ಏನು ಗೊತ್ತಾ? ಲೈನ್ ಮನೆ. ಸಾಲಾಗಿ ಗೂಡುಗಳ ಹಾಗೆ, ಒಂದೇ ಕೋಣೆ. ಅಧಿಕಾರಿಗಳ ಬಂಗಲೆ ದಿಣ್ಣೆಯ ಮೇಲೆ, ತೋಟದ ನಡುವೆ. ನಕ್ಷೆಯಲ್ಲಿ ಎರಡೂ ಅಚ್ಚುಕಟ್ಟಾಗಿಯೇ ಕಾಣುತ್ತವೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರನ್ನು ಹಿಡಿದು ನಿಲ್ಲಿಸಿದ್ದ ಕೈ ಹೋಯಿತು. ರಸ್ತೆ ಈಗಲೂ ನೇರ ಇದೆ. ಬೆಳಗಾಗೋಕೆ ಮುಂಚೆ ಆ ನೇರ ರಸ್ತೆಯಲ್ಲಿ ಜನ ರೈಲು ಹಿಡಿಯೋಕೆ ಓಡುತ್ತಾರೆ, ಕೆಲಸ ಬೆಂಗಳೂರಿನಲ್ಲಿ. ನಾನೂ ಹನ್ನೊಂದು ವರ್ಷ ಓಡಿದೆ.

ಅದಕ್ಕೇ ನಾನು ಹೇಳೋದು, 60 ದಿನ ಕೊಟ್ಟಿದ್ದಾರಲ್ಲ, ಅದು ದೊಡ್ಡದು. ನನ್ನ ತಾತನಿಗೆ ಒಂದು ದಿನವೂ ಕೊಟ್ಟಿರಲಿಲ್ಲ. ಬರೆದು ಕೊಡಿ ಅಣ್ಣ.

ನಿವೃತ್ತ ಸರ್ವೇಯರ್, ಶ್ರೀನಿವಾಸಪುರ (ಬುಧವಾರ, ಬೆಳಿಗ್ಗೆ 8.10)

ಮಗೂ, ಮೂವತ್ತೊಂದು ವರ್ಷ ಸರಪಳಿ ಹಿಡಿದು ನಡೆದವನು ನಾನು. ನಿನಗೆ ಉಪಯೋಗಕ್ಕೆ ಬರುವ ಮಾತು ಹೇಳುತ್ತೇನೆ.

"ನಮ್ಮ ಹೊಲ ಹೋಗುತ್ತದೆ, ಬಿಟ್ಟುಬಿಡಿ" ಅಂತ ಆಕ್ಷೇಪಣೆ ಬರೆಯಬೇಡ. ಅಂಥದ್ದು ನೂರಾರು ಬಂದಿರುತ್ತದೆ. ಬದಲಿಗೆ ನೆಲದಲ್ಲಿ ಏನಿದೆ, ನಕ್ಷೆಯಲ್ಲಿ ಏನು ಬಿಟ್ಟುಹೋಗಿದೆ ಅಂತ ತೋರಿಸು.

ಮೊದಲು ಗ್ರಾಮ ನಕ್ಷೆ ತೆಗೆಸು. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಹಳ್ಳಕ್ಕೆ, ಕಾಲುವೆಗೆ, ಬಂಡಿದಾರಿಗೆ, ಕಾಲುದಾರಿಗೆ ಬೇರೆ ಬೇರೆ ಗುರುತು ಇರುತ್ತದೆ. ನಿನ್ನ ಸರ್ವೆ ನಂಬರಿನ ಆಕಾರ್‌ಬಂದ್, ಟಿಪ್ಪಣಿ (ಜಮೀನಿನ ಅಳತೆಯ ದಾಖಲೆಗಳು) ಕೂಡ ತೆಗೆಸು. ಖರಾಬು, ಅಂದರೆ ಸಾಗುವಳಿಗೆ ಸೇರದ ಜಾಗ, ಎಷ್ಟು ಇದೆ ನೋಡು. ಎ ಖರಾಬು ಅಂದರೆ ಬಂಡೆ, ಗುಂಡಿ, ಉಳೋಕೆ ಆಗದ ಜಾಗ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆ, ಸಾರ್ವಜನಿಕರದು. ಆಮೇಲೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದ ಮೂಲೆ ಮೂಲೆಯಲ್ಲಿ ನಿಂತು ನೋಡು, ಯಾವ ನಂಬರಿನಲ್ಲಿ ನಿಂತಿದ್ದೀಯ ಅಂತ ತೋರಿಸುತ್ತದೆ. ಅಳತೆಗೆ ಅದನ್ನೇ ನಂಬಬೇಡ, ಅಂದಾಜಿಗೆ ಸಾಕು. ಕಲ್ಲು ಸಿಕ್ಕರೆ ಫೋಟೋ ತೆಗೆ.

ಊರಿನ ಹಳೇ ಬಂಡಿದಾರಿ ಎಲ್ಲಿ ಹೋಗಿತ್ತು ಅಂತ ನಿಮ್ಮಪ್ಪನನ್ನು ಕೇಳು. ನನ್ನ ಅನುಭವದಲ್ಲಿ ಬಂಡಿದಾರಿ ಸುಮ್ಮನೆ ಬಾಗಿರಲ್ಲ. ಎತ್ತಿಗೆ ಏರು ಕಡಿಮೆ ಇರೋ ಕಡೆ, ಹಳ್ಳ ಕಿರಿದಾಗಿರೋ ಕಡೆ, ಮಣ್ಣು ಗಟ್ಟಿ ಇರೋ ಕಡೆ ಅದು ಹೋಗಿರುತ್ತದೆ. ತಲೆಮಾರುಗಳು ನಡೆದು ನೋಡಿ ಹಾಕಿದ ಗೆರೆ ಅದು. ಕಚೇರಿಯಲ್ಲಿ ಕೂತವರಿಗೆ ಉಪಗ್ರಹ ಚಿತ್ರದಲ್ಲಿ ಮರದ ನೆರಳಲ್ಲಿ ಅದು ಕಾಣದೇ ಹೋಗಿರಬಹುದು.

ತೂಬಿನ ಮನೆ (ಬುಧವಾರ, ಬೆಳಿಗ್ಗೆ 9.00)

ಸರ್ವೇಯರ್ ಸಾಹೇಬರು ಕಾಲುವೆ ಅಂದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ನೀರಗಂಟಿ ಮನೆತನ. ತಾತನ ಕಾಲದವರೆಗೂ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದೆವು.

ರಾಗಿಹೊಲ ಅಣ್ಣ, ಆ ರಸ್ತೆ ನಿಮ್ಮ ಹೊಲ ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ? ದಯವಿಟ್ಟು ಅದನ್ನು ನೋಡಿ. ಎಲ್ಲರೂ ತಮ್ಮ ನಂಬರ್ ಮಾತ್ರ ನೋಡುತ್ತಾರೆ. ನಮ್ಮ ಸೀಮೆಯಲ್ಲಿ ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ನಡುವೆ ಒಂದು ಕಾಲುವೆ ಮುಚ್ಚಿದರೆ ಮೇಲಿನ ಬಡಾವಣೆಗೆ ನೀರು ನುಗ್ಗುತ್ತದೆ, ಕೆಳಗಿನ ಕೆರೆ ಒಣಗುತ್ತದೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ, ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೆರೆಯಿಂದ ಕೆರೆಗೆ. ಆ ನೀರಿನ ಗುಣದ ಬಗ್ಗೆ ನನಗೆ ಬೇರೆ ಚಿಂತೆ ಇದೆ, ಅದು ಇನ್ನೊಂದು ದಿನ. ಆದರೆ ಅಷ್ಟು ದುಡ್ಡು ಹಾಕಿ ತಂದ ನೀರು ಹರಿಯೋದು ನಮ್ಮ ಹಳೇ ಹಳ್ಳ, ಕಾಲುವೆಯಲ್ಲೇ ಅಲ್ವಾ? ಅವುಗಳ ಮೇಲೆಯೇ ರಸ್ತೆ ಬಂದರೆ?

ಮಳೆಗಾಲದಲ್ಲಿ ಮಾತ್ರ ಹರಿಯೋ ಕಾಲುವೆ ಬೇಸಿಗೆಯಲ್ಲಿ ನೋಡಿದವರಿಗೆ ಖಾಲಿ ಜಾಗದ ಹಾಗೆ ಕಾಣುತ್ತದೆ.

ನಂದಿ ತಪ್ಪಲು (ಬುಧವಾರ, ಬೆಳಿಗ್ಗೆ 11.30)

ಚಿಕ್ಕಬಳ್ಳಾಪುರದಿಂದ ಒಂದು ಮಾತು. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಇದೇ ವಿಷಯ ತೋರಿಸಿಕೊಟ್ಟಿದ್ದಾರೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋಯಿತು, ಸಾವಿರಾರು ಜನ ಸತ್ತರು. ಪರಿಹಾರ ಹೇಳೋಕೆ ಇವರನ್ನು ಕರೆಸಿದರು. ಇವರು ಊರಿನೊಳಗೆ ಗೋಡೆ ಕಟ್ಟಿ ಸುಮ್ಮನಾಗಲಿಲ್ಲ. ಊರಿನ ಮೇಲ್ಗಡೆ ನೀರನ್ನು ತಡೆದು ನಿಲ್ಲಿಸಿ ಅಂದರು. ಆಮೇಲೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದವು. ಪ್ರವಾಹಕ್ಕೂ ತಡೆ, ಕುಡಿಯೋಕೂ ನೀರು. ಯೋಜನಾ ಪ್ರದೇಶದ ಗಡಿ ಹಾಕುವಾಗ ಊರಿನ ಗಡಿ ನೋಡಿದರೆ ಸಾಲದು, ನೀರು ಎಲ್ಲಿಂದ ಬರುತ್ತದೆ ನೋಡಬೇಕು.

ಸೈಟ್ ವ್ಯವಹಾರ, ಬಂಗಾರಪೇಟೆ (ಬುಧವಾರ, ಮಧ್ಯಾಹ್ನ 3.00)

ಎಲ್ಲ ಸರಿ. ಆದರೆ ಲೆಕ್ಕಕ್ಕೆ ಬನ್ನಿ. ಗೆರೆ ಈಚೆ ಸರಿಸಿದರೆ ಈಚೆಯವರ ಹೊಲ ಹೋಗುತ್ತದೆ. ಇವರು ಬರೆದ ಹಾಗೆ ಅವರೂ ಬರೆಯುತ್ತಾರೆ. ಕೊನೆಗೆ ಎಲ್ಲರಿಗೂ ಸಮಾಧಾನ ಆಗಲಿ ಅಂತ ರಸ್ತೆಯೇ ಹೋಗುತ್ತದೆ. ಆಮೇಲೆ ನಾನು ಮೊದಲು ಹೇಳಿದ ಗಲ್ಲಿ ಹುಟ್ಟುತ್ತದೆ. ಇದಕ್ಕೆ ಮೇಡಂ ಏನು ಹೇಳುತ್ತಾರೆ?

ಮಾಲೂರು ಹುಡುಗಿ (ಬುಧವಾರ, ರಾತ್ರಿ 9.45)

ಸರಿಯಾದ ಪ್ರಶ್ನೆ ಕೇಳಿದಿರಿ ಸರ್. ನನ್ನ ಪ್ರಕಾರ ನಮ್ಮ ಮಾಸ್ಟರ್ ಪ್ಲಾನುಗಳ ನಿಜವಾದ ಕೊರತೆ ಇರೋದೇ ಇಲ್ಲಿ. ರಸ್ತೆ ಎಲ್ಲರಿಗೆ, ನಷ್ಟ ಒಬ್ಬರಿಗೆ. ರಸ್ತೆ ಹೊಲದ ನಡುವೆ ಬಂದವರು ಕಳೆದುಕೊಳ್ಳುತ್ತಾರೆ. ಅದೇ ರಸ್ತೆಗೆ ಮುಖ ಸಿಕ್ಕ ಪಕ್ಕದವರ ಜಮೀನಿನ ಬೆಲೆ ಏರುತ್ತದೆ, ಅವರು ಒಂದು ಗುಂಟೆಯೂ ಕೊಡಬೇಕಿಲ್ಲ.

ಗುಜರಾತಿನಲ್ಲಿ ಇದಕ್ಕೆ ಬೇರೆ ದಾರಿ ಇದೆ, ಅಲ್ಲಿ ನಗರ ಯೋಜನಾ ಸ್ಕೀಮ್ ಅನ್ನುತ್ತಾರೆ. ಬೇರು 1915ರ ಮುಂಬೈ ಪ್ರಾಂತದ ಕಾಯ್ದೆಯಲ್ಲಿದೆ. ನೂರಾರು ಎಕರೆಯ ಒಂದು ಪ್ರದೇಶ ಹಿಡಿಯುತ್ತಾರೆ. ಅದರೊಳಗಿನ ಎಲ್ಲರ ಜಮೀನನ್ನೂ ಕಾಗದದ ಮೇಲೆ ಒಟ್ಟುಗೂಡಿಸುತ್ತಾರೆ. ರಸ್ತೆ, ಪಾರ್ಕು, ಶಾಲೆಗೆ ಬೇಕಾದ ಪಾಲನ್ನು ಪ್ರತಿಯೊಬ್ಬರಿಂದಲೂ ಅವರವರ ಅಳತೆಗೆ ತಕ್ಕಂತೆ ಕಳೆಯುತ್ತಾರೆ. ಉಳಿದದ್ದನ್ನು ಸೊಟ್ಟ ಇದ್ದರೆ ನೆಟ್ಟಗೆ ಮಾಡಿ, ರಸ್ತೆಗೆ ಮುಖ ಕೊಟ್ಟು ಅದೇ ಮಾಲೀಕರಿಗೆ ವಾಪಸ್ ಕೊಡುತ್ತಾರೆ. ಯಾರೂ ಊರು ಬಿಡಬೇಕಿಲ್ಲ. ಎಲ್ಲರ ಜಮೀನೂ ಸ್ವಲ್ಪ ಸಣ್ಣದಾಗುತ್ತದೆ, ಎಲ್ಲರದಕ್ಕೂ ಬೆಲೆ ಬರುತ್ತದೆ. ಅಹಮದಾಬಾದಿನ 76 ಕಿ.ಮೀ. ಸರ್ದಾರ್ ಪಟೇಲ್ ರಿಂಗ್ ರೋಡಿಗೆ ಬೇಕಾದ ಜಾಗದಲ್ಲಿ ಹೆಚ್ಚಿನದು ಹೀಗೇ ಸಿಕ್ಕಿತು. 2001ರ ಭೂಕಂಪದಲ್ಲಿ ಬಿದ್ದ ಭುಜ್‌ನ ಹಳೇ ಪೇಟೆಯನ್ನೂ ಇದೇ ರೀತಿ ಮತ್ತೆ ಕಟ್ಟಿದರು.

ನಮ್ಮ 1961ರ ಕಾಯ್ದೆಯಲ್ಲೂ ಇದಕ್ಕೆ ಅಂತ ಅಧ್ಯಾಯವೇ ಇದೆ. ಆದರೆ ಬಳಸೋದು ತೀರಾ ಅಪರೂಪ. ಬೆಂಗಳೂರಿನಲ್ಲಿ ರಸ್ತೆಗೆ ಜಾಗ ಬಿಟ್ಟವರಿಗೆ ಅಭಿವೃದ್ಧಿ ಹಕ್ಕಿನ ಪತ್ರ (ಹೆಚ್ಚುವರಿಯಾಗಿ ಕಟ್ಟಡ ಕಟ್ಟುವ ಹಕ್ಕು) ಕೊಡುತ್ತಾರೆ, ಅದನ್ನು ಬೇರೆ ಕಟ್ಟಡದವರಿಗೆ ಮಾರಬಹುದು. ಹತ್ತು ಮಹಡಿ ಕಟ್ಟುವವರು ಇರುವ ಊರಿನಲ್ಲಿ ಅದಕ್ಕೆ ಬೆಲೆ. ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಆ ಕಾಗದವನ್ನು ಯಾರು ಕೊಳ್ಳುತ್ತಾರೆ?

ಇತಿಹಾಸ ಮೇಷ್ಟ್ರು, ಮುಳಬಾಗಿಲು (ಬುಧವಾರ, ರಾತ್ರಿ 10.20)

ನನಗೆ ಇದು ಗೊತ್ತಿರಲಿಲ್ಲ ಮೇಡಂ. ಎಂಟನೇ ತರಗತಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಹಲಗೆಯ ಮೇಲೆ ಹತ್ತು ಹೊಲ ಬರೆದು, ನೀವೇ ರಸ್ತೆ ಮಾಡಿ, ಯಾರ ಹೊಲವೂ ಪೂರ್ತಿ ಹೋಗಬಾರದು ಅಂದರೆ ಅವರೇ ಕಂಡುಹಿಡಿಯುತ್ತಾರೆ ಅನಿಸುತ್ತದೆ.

ರಾಗಿಹೊಲ (ಭಾನುವಾರ, ಸಂಜೆ 6.10)

ನಾಲ್ಕು ದಿನ ಇಲ್ಲಿಗೆ ಬರೋಕೆ ಆಗಲಿಲ್ಲ, ಕ್ಷಮಿಸಿ. ಏನಾಯಿತು ಅಂತ ಪೂರ್ತಿ ಹೇಳುತ್ತೇನೆ.

ಗುರುವಾರ ಗ್ರಾಮ ನಕ್ಷೆ ತೆಗೆಸಿದೆ. ಸರ್ವೇಯರ್ ಸಾಹೇಬರು ಹೇಳಿದ್ದು ನಿಜ. ನಮ್ಮ ಹೊಲದ ಪೂರ್ವದ ಗಡಿಯಲ್ಲೇ ಬಂಡಿದಾರಿಯ ಗುರುತು ಇದೆ. ಲಂಟಾನ ಬೆಳೆದು ಮುಚ್ಚಿಹೋಗಿದೆ, ನಾನು ಹುಟ್ಟಿದಾಗಿನಿಂದ ಅದನ್ನು ಬೇಲಿ ಅಂದುಕೊಂಡಿದ್ದೆ. ಅಪ್ಪನನ್ನು ಕೇಳಿದರೆ "ಅದು ಸಂತೆಗೆ ಹೋಗೋ ದಾರಿ, ನಾನು ಹುಡುಗನಾಗಿದ್ದಾಗ ಗಾಡಿ ಹೊಡೆದಿದ್ದೀನಿ" ಅಂದರು. ಅಳತೆ ಹಿಡಿದೆವು, ಅಗಲ ಸುಮಾರು 15 ಅಡಿ. ಬಿ ಖರಾಬಿನಲ್ಲಿದೆ.

ಶುಕ್ರವಾರ ತೂಬಿನ ಮನೆಯವರು ಹೇಳಿದ ಹಾಗೆ ಆ ರಸ್ತೆಯ ಗೆರೆ ಹಿಡಿದು ಹೊಲದಾಚೆಗೂ ನಡೆದೆವು, ಅಪ್ಪ ನಾನು ಇಬ್ಬರೇ. ನಮ್ಮ ಹೊಲ ದಾಟಿ ಮೂರನೇ ಹೊಲ ಮುಗಿಯುವಷ್ಟರಲ್ಲಿ ಕೆರೆಗೆ ಹೋಗುವ ಕಾಲುವೆ ಸಿಕ್ಕಿತು. ನಕ್ಷೆಯ ರಸ್ತೆ ಅದನ್ನು ಅಡ್ಡ ದಾಟಲ್ಲ, ಅದರ ಮೇಲೇ ಉದ್ದಕ್ಕೆ ಹೋಗುತ್ತದೆ, ನಮ್ಮ ಹೆಜ್ಜೆ ಲೆಕ್ಕದಲ್ಲಿ ಸುಮಾರು 200 ಮೀಟರ್. ಈಗ ಕಾಲುವೆ ಒಣಗಿದೆ, ಒಳಗೆ ಜಾಲಿ ಎದ್ದಿದೆ. ಅದೇ ಬಂಡಿದಾರಿ ಕಾಲುವೆಯನ್ನು ದಾಟುವ ಜಾಗಕ್ಕೆ ಹೋದರೆ ಅಲ್ಲಿ ಕಾಲುವೆ ಕಿರಿದು, ಮೇಲೆ ಮೂರು ಕಲ್ಲುಚಪ್ಪಡಿ ಹಾಸಿದೆ. ಅಪ್ಪ ಚಪ್ಪಡಿಯ ಮೇಲೆ ಕೂತು ಎಷ್ಟೋ ಹೊತ್ತು ಏಳಲಿಲ್ಲ.

ಶನಿವಾರ ಆಕ್ಷೇಪಣೆ ಬರೆದೆವು. ರಸ್ತೆ ಬೇಡ ಅಂತ ಬರೆದಿಲ್ಲ. ಗೆರೆಯನ್ನು ಪೂರ್ವಕ್ಕೆ ಸರಿಸಿ ಬಂಡಿದಾರಿಯ ಮೇಲೆ ತನ್ನಿ, ಕಾಲುವೆ ದಾಟುವ ಕಡೆ ಮೋರಿ ಕಟ್ಟಿ, ಕಾಲುವೆಯನ್ನು ನಕ್ಷೆಯಲ್ಲಿ ಕಾಲುವೆ ಅಂತಲೇ ತೋರಿಸಿ ಅಂತ ಬರೆದಿದ್ದೇವೆ. ಗ್ರಾಮ ನಕ್ಷೆಯ ಪ್ರತಿ, ಹನ್ನೆರಡು ಫೋಟೋ ಇಟ್ಟಿದ್ದೇವೆ. 15 ಅಡಿ ದಾರಿ ಈಗಲೇ ಇದೆ, ಇನ್ನು 45 ಅಡಿ ಬೇಕು. ಎರಡೂ ಕಡೆಯಿಂದ ಅರ್ಧ ಅರ್ಧ ತೆಗೆದುಕೊಂಡರೆ ನಮ್ಮ ಹೊಲದಲ್ಲಿ 7 ಗುಂಟೆ ಹತ್ತಿರ ಹೋಗುತ್ತದೆ. ಅದನ್ನು ಕೊಡೋಕೆ ಅಪ್ಪ ಒಪ್ಪಿದ್ದಾರೆ, ಪತ್ರದಲ್ಲಿ ಅವರೇ ಹೇಳಿ ಬರೆಸಿದರು.

ಒಂಬತ್ತು ಜನ ಸಹಿ ಹಾಕಿದರು. ಪೂರ್ವದ ಪಕ್ಕದ ಹೊಲದವರು ಹಾಕಿಲ್ಲ. ಈಗಿನ ಗೆರೆಯಲ್ಲಿ ಅವರದು ಒಂದು ಗುಂಟೆಯೂ ಹೋಗಲ್ಲ, ನಾವು ಹೇಳಿದ ಹಾಗಾದರೆ ಅವರದೂ 7 ಗುಂಟೆ ಹೋಗುತ್ತದೆ. ಅವರಿಗೆ ಇರೋದೇ 30 ಗುಂಟೆ, ಮಗಳ ಮದುವೆ ಮುಂದಿದೆ. ಅವರ ಮೇಲೆ ನನಗೆ ಕೋಪ ಇಲ್ಲ. ಬಂಗಾರಪೇಟೆಯ ಅಣ್ಣ ಹೇಳಿದ ಮಾತು ಅವರ ಮನೆ ಜಗಲಿಯಲ್ಲಿ ಕೂತಾಗ ಅರ್ಥ ಆಯಿತು.

ಮಾಲೂರು ಹುಡುಗಿ (ಭಾನುವಾರ, ರಾತ್ರಿ 8.00)

ಅಣ್ಣ, ಓದಿ ತುಂಬ ಸಂತೋಷ ಆಯಿತು. ಪತ್ರ ಕೊಟ್ಟಾಯಿತಾ? ಇಲ್ಲದಿದ್ದರೆ ಇನ್ನೊಂದು ಸಾಲು ಸೇರಿಸಿ. ಈ ರಸ್ತೆಗೆ ಬೇಕಾದ ಜಾಗವನ್ನು ಎರಡು ಹೊಲದಿಂದ ಮಾತ್ರ ತೆಗೆಯದೆ, ಕಾಯ್ದೆಯಲ್ಲಿರುವ ನಗರ ಯೋಜನಾ ಸ್ಕೀಮ್ ಮೂಲಕ ಸುತ್ತಲಿನ ಎಲ್ಲ ಸರ್ವೆ ನಂಬರ್‌ಗಳ ಮೇಲೂ ಹಂಚಬೇಕು ಅಂತ. ಆಗ ಪಕ್ಕದವರಿಗೂ ನಿಮಗೂ ಎರಡು ಮೂರು ಗುಂಟೆಗೆ ಇಳಿಯಬಹುದು. ಮಾಡುತ್ತಾರೆ ಅಂತ ಭರವಸೆ ಕೊಡೋಕೆ ನನಗೆ ಆಗಲ್ಲ. ಬರವಣಿಗೆಯಲ್ಲಿ ಇರಲಿ. ಸ್ವೀಕೃತಿ ಮುದ್ರೆ, ತಾರೀಖು ಇಲ್ಲದೆ ಮಾತ್ರ ವಾಪಸ್ ಬರಬೇಡಿ.

ರಾಗಿಹೊಲ (ಭಾನುವಾರ, ರಾತ್ರಿ 8.25)

ಇನ್ನೂ ಕೊಟ್ಟಿಲ್ಲ ಅಕ್ಕ, ನಾಳೆ ಕೊಡೋದು. ಈ ಸಾಲು ಈಗಲೇ ಸೇರಿಸುತ್ತೇನೆ. ಅದನ್ನು ತೋರಿಸೋಕೆ ಪಕ್ಕದವರ ಮನೆಗೆ ಬೆಳಿಗ್ಗೆ ಇನ್ನೊಮ್ಮೆ ಹೋಗುತ್ತೇವೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ.